‘ಬೈ’ ಬಳಸುವುದು ಹೇಗೆ? ಅದರ ಮುಂದಿನ ಪದ ನೋಡಿ

ಬಿ, ವೈ. ಎರಡೇ ಅಕ್ಷರ. ಕೊಳ್ಳುವ ‘ಬೈ’, ಹೊರಡುವಾಗ ಹೇಳುವ ‘ಬೈ’ ಇದಲ್ಲ, ಅವುಗಳ ಸ್ಪೆಲಿಂಗೇ ಬೇರೆ. ನಾನು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುವವಳು. ನನ್ನ ತರಗತಿಯಲ್ಲಿ ಉದ್ದುದ್ದ ಪದಗಳಿಗಿಂತ ಈ ಪುಟಾಣಿಯ ಕಾಟವೇ ಜಾಸ್ತಿ. ‘ಇದಕ್ಕೆ ಕನ್ನಡದಲ್ಲಿ ಏನು ಮೇಡಂ?’ ಅಂದರೆ ಒಂದೇ ಉತ್ತರ ಇಲ್ಲ. ಅದರ ಮುಂದೆ ಬಂದಿರುವುದು ಹೊತ್ತೋ, ಮನುಷ್ಯರೋ, ಜಾಗವೋ, ಸಂಖ್ಯೆಯೋ ನೋಡಿ. ಅರ್ಥ ಅಲ್ಲೇ ಸಿಗುತ್ತದೆ.

ಜಾಸ್ತಿ ಎಡವುವುದು ಹೊತ್ತಿನ ವಿಷಯದಲ್ಲಿ. ‘ಬೈ ಫ್ರೈಡೇ’ ಅಂದರೆ ಶುಕ್ರವಾರದೊಳಗೆ. ‘ಅಂಟಿಲ್ ಫ್ರೈಡೇ’ ಅಂದರೆ ಶುಕ್ರವಾರದ ತನಕ. ಆದರೆ ನಾವು ಕನ್ನಡದಲ್ಲಿ ‘ಶುಕ್ರವಾರದ ತನಕ ಅರ್ಜಿ ಕೊಡಬಹುದು’ ಅಂತಲೂ ಹೇಳುತ್ತೇವೆ, ಅಲ್ವಾ? ಆ ಅಭ್ಯಾಸದಲ್ಲೇ ‘ಸಬ್ಮಿಟ್ ಇಟ್ ಅಂಟಿಲ್ ಫ್ರೈಡೇ’ ಅಂತ ಬರೆದುಬಿಡುತ್ತಾರೆ. ಅದು ತಪ್ಪು. ಕೆಲಸ ಅಲ್ಲಿಯವರೆಗೂ ನಡೆಯುತ್ತಲೇ ಇದ್ದರೆ ಅಂಟಿಲ್: ‘ಐ ವಿಲ್ ವೇಟ್ ಅಂಟಿಲ್ ಸಿಕ್ಸ್’. ಒಮ್ಮೆ ಆಗಿ ಮುಗಿಯುವ ಕೆಲಸವಾದರೆ ಬೈ: ‘ಐ ವಿಲ್ ಫಿನಿಷ್ ಬೈ ಸಿಕ್ಸ್’. ‘ಬೈ ನೌ’ ಅಂದರೆ ನಮ್ಮ ‘ಇಷ್ಟೊತ್ತಿಗೆ’. ‘ಶಿ ಶುಡ್ ಹ್ಯಾವ್ ರೀಚ್ಡ್ ಬೈ ನೌ’, ಇಷ್ಟೊತ್ತಿಗೆ ತಲುಪಿರಬೇಕು.

ಇನ್ನೊಂದು ಮಾತು. ‘ಬೈ ಫ್ರೈಡೇ’ ಅಂದಾಗ ಸಾಮಾನ್ಯವಾಗಿ ಶುಕ್ರವಾರವೂ ಸೇರುತ್ತದೆ. ಆದರೆ ಬೆಳಗ್ಗೆಯೋ ಸಂಜೆಯೋ ಅನ್ನುವ ಜಗಳ ತಪ್ಪಬೇಕಾದರೆ ಗಂಟೆಯನ್ನೂ ಬರೆಯಿರಿ: ‘ಬೈ 5 ಪಿ.ಎಂ. ಆನ್ ಫ್ರೈಡೇ’.

ಮನುಷ್ಯರು ಬಂದರೆ ಮಾಡಿದವರು ಯಾರು ಅಂತ ಅರ್ಥ. ‘ರಿಟನ್ ಬೈ ರವಿ’ ಅನ್ನುವುದನ್ನು ‘ರವಿಯಿಂದ ಬರೆಯಲ್ಪಟ್ಟಿತು’ ಅಂತ ಮಾಡಬೇಡಿ. ಯಾರು ಹಾಗೆ ಮಾತಾಡುತ್ತಾರೆ? ‘ಬರೆದದ್ದು ರವಿ’ ಅನ್ನಿ, ಮುಗೀತು. ಬರೆದ ಪೆನ್ನಿಗೆ ಮಾತ್ರ ಬೈ ಬೇಡ, ‘ವಿತ್ ಎ ಪೆನ್’.

ಜಾಗ ಸುಲಭ. ‘ಬೈ ದ ವಿಂಡೋ’ ಅಂದರೆ ಕಿಟಕಿ ಪಕ್ಕ.

ಪ್ರಯಾಣದಲ್ಲಿ ‘ಬೈ ಬಸ್’, ‘ಬೈ ಟ್ರೈನ್’ ಸರಿ. ನಡುವೆ ‘ಮೈ’, ‘ದ’ ನುಸುಳಿದರೆ ಕೆಟ್ಟಿತು. ‘ಬೈ ಮೈ ಕಾರ್’ ಅಲ್ಲ, ‘ಇನ್ ಮೈ ಕಾರ್’. ನಡೆದು ಹೋದರೆ ‘ಬೈ ವಾಕ್’ ಅಲ್ಲ, ‘ಆನ್ ಫುಟ್’. ಸುಮ್ನೆ ‘ಐ ವಾಕ್ಡ್’ ಅಂದರೂ ಸಾಕು.

ಸಂಖ್ಯೆ ಬಂದಾಗ ಹುಷಾರು. 40 ಜನರ ತಂಡ ‘ಬೈ 10’ ಕಡಿಮೆಯಾದರೆ 30 ಜನ ಉಳಿಯುತ್ತಾರೆ. ‘ಟು 10’ ಕಡಿಮೆಯಾದರೆ ಉಳಿಯುವುದು 10 ಜನ ಮಾತ್ರ. ವರದಿ ಬರೆಯುವವರು ಇದೊಂದನ್ನು ಎರಡು ಸಲ ಓದಿ ನೋಡಬೇಕು.

‘ಬೈ ಮಿಸ್ಟೇಕ್’, ‘ಬೈ ಹಾರ್ಟ್’ ಇವನ್ನೆಲ್ಲ ಬಿಡಿಸಲು ಹೋಗದೆ ಇಡಿಯಾಗಿ ಕಲಿಯಿರಿ. ‘ಬೈ ದ ವೇ’ ನಮ್ಮ ‘ಅಂದ ಹಾಗೆ’. ಮಾತಿಗೆ, ಸ್ನೇಹಿತರ ಮೆಸೇಜಿಗೆ ಚೆನ್ನ. ಕೆಲಸದ ಅರ್ಜಿಯಲ್ಲಿ ಹಾಕಬೇಡಿ.