ಮುಂಗಡ ಕಟ್ಟಿದ ಇಂಧನ

ಎಲೆಕ್ಟ್ರಿಕ್ ಕಾರು ಕೊಳ್ಳಲು ಹೊರಟಾಗ ನಾನು ಮೊದಲು ಮಾತನಾಡಿಸಿದ್ದು ಎಲೆಕ್ಟ್ರಿಷಿಯನ್ನರನ್ನು. ಷೋರೂಮಿಗೆ ಹೋದದ್ದು ಆಮೇಲೆ, ಸಾಲದ ಮಾತು ಎತ್ತಿದ್ದು ಅದಕ್ಕೂ ಆಮೇಲೆ. ಮನೆಯವರಿಗೆ ಇದು ತಲೆಕೆಳಗಾದ ಕ್ರಮವೆಂದು ಕಂಡಿತು. ಆದರೆ ಕಾರಿನ ಬೆಲೆ, ಚಾರ್ಜಿಂಗ್, ಸಾಲ ಈ ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದರೆ ಒಂದರ ಲೆಕ್ಕವೂ ಸರಿಹೋಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅದೇ ಗಾತ್ರದ ಪೆಟ್ರೋಲ್ ಕಾರಿಗಿಂತ ಎಲೆಕ್ಟ್ರಿಕ್ ಕಾರಿಗೆ ನಾವು ಎಷ್ಟು ಹೆಚ್ಚು ಕೊಡುತ್ತೇವೋ ಅದರ ಬಹುಪಾಲು ಬ್ಯಾಟರಿಯ ಬೆಲೆ. ಆ ಹಣ ಹಿಂದಿರುಗಬೇಕಾದದ್ದು ಓಡಿಸುವ ಖರ್ಚಿನ ಉಳಿತಾಯದಿಂದ. ಅಂದರೆ ಮುಂದಿನ ಹಲವು ವರ್ಷಗಳ ಇಂಧನದ ಒಂದು ಭಾಗವನ್ನು ಮೊದಲ ದಿನವೇ ಮುಂಗಡವಾಗಿ ಕಟ್ಟಿದ ಹಾಗಾಯಿತು. ಸಾಲ ಮಾಡಿ ಕೊಂಡರೆ ಆ ಇಂಧನಕ್ಕೂ ಬಡ್ಡಿ ತೆರಬೇಕು. ಎಲೆಕ್ಟ್ರಿಕ್ ಕಾರು ಅಗ್ಗವೋ ದುಬಾರಿಯೋ ಎಂದು ಜಗಳವಾಡುವವರು ಇದನ್ನು ಮರೆಯುತ್ತಾರೆ. ಎಷ್ಟು ಓಡಿಸುತ್ತೀರಿ, ಎಲ್ಲಿ ಚಾರ್ಜ್ ಮಾಡುತ್ತೀರಿ, ಎಷ್ಟು ಬಡ್ಡಿಗೆ ಹಣ ತಂದಿದ್ದೀರಿ ಎಂದು ಹೇಳದೆ ಯಾರೂ ಉತ್ತರ ಕೊಡಲಾರರು.

ಓಡಿಸುವ ಖರ್ಚನ್ನು ನಾನು ಹೀಗೆ ಲೆಕ್ಕ ಹಾಕಿದೆ. ನಮ್ಮ ಕಾರು ಮಧ್ಯಮ ಗಾತ್ರದ್ದು. ಮಾಮೂಲು ಓಡಾಟದಲ್ಲಿ 100 ಕಿ.ಮೀ.ಗೆ ಬ್ಯಾಟರಿಯಿಂದ ಸುಮಾರು 15 ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್-ಗಂಟೆ) ಎಳೆಯುತ್ತದೆ. ಆದರೆ ಬಿಲ್ ಬರುವುದು ಮೀಟರಿನ ಪ್ರಕಾರ. ಗೋಡೆಯಿಂದ ಬ್ಯಾಟರಿಗೆ ಹೋಗುವ ದಾರಿಯಲ್ಲಿ ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ನಷ್ಟವಾಗುತ್ತದೆ. ಹಾಗಾಗಿ 17 ಯೂನಿಟ್ ಎಂದು ಹಿಡಿದೆ. ಅಷ್ಟೇ ದೊಡ್ಡ ಪೆಟ್ರೋಲ್ ಕಾರು ಅದೇ ದೂರಕ್ಕೆ 6 ಲೀಟರ್ ಕುಡಿಯುತ್ತದೆ ಎಂದುಕೊಳ್ಳಿ. 17ನ್ನು 6ರಿಂದ ಭಾಗಿಸಿದರೆ 2.8. ನಿಮ್ಮಲ್ಲಿ ಒಂದು ಲೀಟರ್ ಪೆಟ್ರೋಲಿನ ಬೆಲೆ 2.8 ಯೂನಿಟ್ ವಿದ್ಯುತ್ತಿನ ಬೆಲೆಗಿಂತ ಎಷ್ಟು ಮೇಲಿದೆಯೋ ಅಷ್ಟು, ಪ್ರತಿ ಲೀಟರಿಗೂ ಉಳಿತಾಯ. ಯಾವ ದೇಶದ ಹಣಕ್ಕೂ ಈ ಲೆಕ್ಕ ನಡೆಯುತ್ತದೆ. ಮನೆಯ ದರ ಹಾಕಿದಾಗ ಬರುವ ಉತ್ತರ ಕಣ್ಣಿಗೆ ಹಬ್ಬ. ಅದೇ ಜಾಗದಲ್ಲಿ ಹೆದ್ದಾರಿಯ ವೇಗದ ಚಾರ್ಜರಿನ ದರ ಹಾಕಿ ನೋಡಿ. ಅದು ಎಷ್ಟೋ ಕಡೆ ಮನೆಯ ದರದ ಎರಡು ಮೂರು ಪಟ್ಟು ಇರುತ್ತದೆ; ಹಬ್ಬ ಅಲ್ಲಿಗೇ ಮುಗಿಯುತ್ತದೆ.

ಎಲೆಕ್ಟ್ರಿಷಿಯನ್ನರನ್ನು ಮೊದಲು ಕರೆಸಿದ್ದು ಇದಕ್ಕಾಗಿ. ಮನೆಯಲ್ಲೋ ಕೆಲಸದ ಜಾಗದಲ್ಲೋ ನಿಧಾನವಾಗಿ ಚಾರ್ಜ್ ಮಾಡಿಕೊಳ್ಳುವ ಅನುಕೂಲ ಇಲ್ಲದಿದ್ದರೆ ನಾನು ಈ ಕಾರನ್ನು ಕೊಳ್ಳುತ್ತಲೇ ಇರಲಿಲ್ಲ.

ಬಂದವರು ಪಾರ್ಕಿಂಗ್ ಗೋಡೆಯ ಹಳೆಯ ಸಾಕೆಟ್ಟನ್ನು ಬಿಚ್ಚಿ, ಟಾರ್ಚ್ ಹಿಡಿದು ತೋರಿಸಿದರು. ತಿರುಪಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿತ್ತು. ತಂತಿಯ ಹೊದಿಕೆ ತುದಿಯಲ್ಲಿ ಗಟ್ಟಿಯಾಗಿ ಸೀಳಿತ್ತು. "ಇಸ್ತ್ರಿಪೆಟ್ಟಿಗೆಗೆ ಇದು ಇನ್ನೂ ನಡೆಯುತ್ತದೆ, ಕಾರಿಗೆ ನಡೆಯುವುದಿಲ್ಲ ನೋಡಿ" ಎಂದರು. ಇಸ್ತ್ರಿಪೆಟ್ಟಿಗೆ ಕಾಯುತ್ತದೆ, ನಿಲ್ಲುತ್ತದೆ, ಮತ್ತೆ ಕಾಯುತ್ತದೆ. ಕಾರು ರಾತ್ರಿಯಿಡೀ ಒಂದೇ ಸಮನೆ ಎಳೆಯುತ್ತದೆ. ಸಡಿಲವಾದ ಒಂದು ತಿರುಪು ಅಷ್ಟು ಹೊತ್ತು ಬಿಸಿಯಾಗುತ್ತಲೇ ಇದ್ದರೆ ಸಾಕೆಟ್ ಕರಗುವುದು, ಬೆಂಕಿ ಹತ್ತುವುದು ದೊಡ್ಡ ಮಾತಲ್ಲ.

ಮೀಟರ್ ಬೋರ್ಡಿನಿಂದ ನೇರವಾಗಿ ಬೇರೆಯೇ ಲೈನ್ ಎಳೆಸಿದೆವು. 32 ಆಂಪಿಯರಿಗೆ 6 ಚದರ ಮಿಲಿಮೀಟರ್ ತಾಮ್ರದ ತಂತಿ ಬೇಕು. ದೂರ ಹೆಚ್ಚಿದ್ದರೆ 10. ಅದಕ್ಕೆ ತನ್ನದೇ ಎಂಸಿಬಿ (ಕರೆಂಟ್ ಮಿತಿಮೀರಿದರೆ ಲೈನ್ ಕಡಿಯುವ ಸ್ವಿಚ್ಚು), ಜೊತೆಗೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್ಚು). ಇಲ್ಲೊಂದು ಸೂಕ್ಷ್ಮವಿದೆ. ಕಾರಿನ ಕಡೆಯಿಂದ ಡಿಸಿ (ಬ್ಯಾಟರಿಯಲ್ಲಿರುವಂಥ ಒಂದೇ ದಿಕ್ಕಿನ ಕರೆಂಟ್) ಸೋರಿಕೆಯಾದರೆ ಸಾಮಾನ್ಯ ಆರ್‌ಸಿಸಿಬಿ ಕುರುಡಾಗಿ ಟ್ರಿಪ್ ಆಗದೇ ಇರಬಹುದು. ಅದನ್ನೂ ಗುರುತಿಸುವ ಬಿ ಮಾದರಿಯದನ್ನು ಹಾಕಿಸಬೇಕು, ಇಲ್ಲವೇ 6 ಮಿಲಿಆಂಪಿಯರ್ ಡಿಸಿ ಸೋರಿಕೆಯನ್ನು ತಾನೇ ಗುರುತಿಸುವ ಚಾರ್ಜಿಂಗ್ ಪೆಟ್ಟಿಗೆ ಕೊಳ್ಳಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಚಾರ್ಜಿಂಗ್ ಶುರುವಾಗುವುದೇ ಇಲ್ಲ. ಕಾರು ಕೆಟ್ಟಿದೆ ಎಂದು ದೂರುವವರಲ್ಲಿ ಕೆಲವರ ಮನೆಯ ಅರ್ಥಿಂಗ್ ಕೆಟ್ಟಿರುತ್ತದೆ.

ಗೋಡೆಗೆ ಕೂರಿಸುವ ಆ ಪೆಟ್ಟಿಗೆಯನ್ನು ಎಲ್ಲರೂ ಚಾರ್ಜರ್ ಎನ್ನುತ್ತಾರೆ. ಮನೆಯ ಲೈನಿನ ಎಸಿ ಕರೆಂಟನ್ನು ಡಿಸಿ ಮಾಡುವ ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಎಷ್ಟು ಆಂಪಿಯರ್ ಎಳೆಯಬಹುದೆಂದು ಕಾರಿಗೆ ತಿಳಿಸಿ, ಎಲ್ಲ ಸರಿಯಿದ್ದರೆ ಕರೆಂಟ್ ಬಿಡುವುದಷ್ಟೇ ಪೆಟ್ಟಿಗೆಯ ಕೆಲಸ. ಇದು ಗೊತ್ತಿದ್ದರೆ ದುಡ್ಡು ಉಳಿಯುತ್ತದೆ. ಕಾರಿನೊಳಗಿನದು 7.4 ಕಿಲೋವ್ಯಾಟಿನದಾಗಿದ್ದರೆ ಗೋಡೆಗೆ 22 ಕಿಲೋವ್ಯಾಟಿನದನ್ನು ಹಾಕಿಸಿ ಏನೂ ಸಿಗುವುದಿಲ್ಲ. ಎರಡರಲ್ಲಿ ಚಿಕ್ಕದು ಯಾವುದೋ ಅದರ ವೇಗವೇ ನಮ್ಮ ವೇಗ.

ದೊಡ್ಡ ಪೆಟ್ಟಿಗೆ ಬೇಕೇ ಬೇಕೆಂದೂ ಇಲ್ಲ. 230 ವೋಲ್ಟ್ ಇರುವಲ್ಲಿ 10 ಆಂಪಿಯರ್ ಎಳೆದರೆ 2.3 ಕಿಲೋವ್ಯಾಟ್. ಹತ್ತು ಗಂಟೆಗೆ 23 ಯೂನಿಟ್, ಅಂದರೆ ಸುಮಾರು 130 ಕಿ.ಮೀ. ದಿನಕ್ಕೆ 50 ಕಿ.ಮೀ. ಓಡಿಸುವವರಿಗೆ ಇದು ಧಾರಾಳ. ಆದರೂ ನಾನು 32 ಆಂಪಿಯರಿನದನ್ನೇ (ಸುಮಾರು 7 ಕಿಲೋವ್ಯಾಟ್) ಆರಿಸಿದೆ. ರಾತ್ರಿಯ ಕಡಿಮೆ ದರದ ಅವಧಿಯೊಳಗೆ ಕೆಲಸ ಮುಗಿಯಬೇಕೆಂಬುದು ಒಂದು ಕಾರಣ. ಇನ್ನೊಂದು, ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರ್, ಪಂಪು ಎಲ್ಲ ಎಚ್ಚರವಾಗಿರಬೇಕು. ಅವಕ್ಕೆ ಇನ್ನೂರು ಮುನ್ನೂರು ವ್ಯಾಟ್ ಬೇಕಾಗುತ್ತದೆ. 7 ಕಿಲೋವ್ಯಾಟಿನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ, 2 ಕಿಲೋವ್ಯಾಟಿನಲ್ಲಿ ಎದ್ದು ಕಾಣುತ್ತದೆ.

ಇನ್ನು ದೂರದ ಪ್ರಯಾಣ. ನಮ್ಮ ಬ್ಯಾಟರಿಯ ಬಳಕೆಗೆ ಸಿಗುವ ಸಾಮರ್ಥ್ಯ 50 ಯೂನಿಟ್. ಜಾಹೀರಾತಿನ ಸಂಖ್ಯೆಯನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ (ವೇಗ ಇಮ್ಮಡಿಯಾದರೆ ತಡೆ ನಾಲ್ಕು ಪಟ್ಟು) ಏರುವುದರಿಂದ ಹೆದ್ದಾರಿಯಲ್ಲಿ 100 ಕಿ.ಮೀ.ಗೆ 19 ಯೂನಿಟ್ ಹಿಡಿಯುತ್ತೇನೆ. ವೇಗದ ಚಾರ್ಜರುಗಳ ನಡುವೆ ಬಳಸುವುದು ಶೇ 80ರಿಂದ ಶೇ 10ರವರೆಗೆ, ಅಂದರೆ 35 ಯೂನಿಟ್. ಎರಡು ನಿಲುಗಡೆಗಳ ನಡುವೆ 180 ಕಿ.ಮೀ. ಮನೆಯಿಂದ ತುಂಬಿಸಿಕೊಂಡು ಹೊರಟ ಮೊದಲ ಹಂತ ಮಾತ್ರ ಇದಕ್ಕಿಂತ ಉದ್ದ. ಶೇ 80ರ ಮೇಲೆ ಬ್ಯಾಟರಿಯೊಳಗಿನ ಕೋಶಗಳ (ಸೆಲ್‌ಗಳ) ವೋಲ್ಟೇಜ್ ಮಿತಿಗೆ ಹತ್ತಿರವಾಗುತ್ತದೆ, ಕಾರು ತಾನಾಗಿಯೇ ಕರೆಂಟ್ ಇಳಿಸುತ್ತದೆ. ಅಲ್ಲಿ ಶೇ 100ಕ್ಕಾಗಿ ಕಾಯುತ್ತ ಕೂತರೆ ನಮ್ಮ ಸಮಯವೂ ಹಾಳು, ಹಿಂದೆ ಸರದಿಯಲ್ಲಿ ನಿಂತವರ ಸಮಯವೂ ಹಾಳು. ಚಳಿಯಲ್ಲಿ ವೇಗದ ಚಾರ್ಜಿಂಗ್ ಕುಂಟುವುದಕ್ಕೂ ಕಾರಣವಿದೆ. ತಣ್ಣಗಿರುವ ಕೋಶಕ್ಕೆ ಜೋರಾಗಿ ಕರೆಂಟ್ ತುಂಬಿದರೆ ಲಿಥಿಯಂ ಒಳಸೇರದೆ ವಿದ್ಯುದ್ವಾರದ ಮೇಲೆ ಲೋಹವಾಗಿ ಕೂರುತ್ತದೆ, ಕೋಶ ಶಾಶ್ವತವಾಗಿ ಹಾಳಾಗುತ್ತದೆ. ಹಲವು ಕಾರುಗಳಲ್ಲಿ ನಕ್ಷೆಯಲ್ಲಿ ಚಾರ್ಜಿಂಗ್ ಕೇಂದ್ರವನ್ನೇ ಗುರಿಯಾಗಿ ಹಾಕಿದರೆ ತಲುಪುವಷ್ಟರಲ್ಲಿ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತವೆ.

ದಿನನಿತ್ಯ ಎಷ್ಟಕ್ಕೆ ನಿಲ್ಲಿಸಬೇಕೆಂಬುದು ಬ್ಯಾಟರಿಯ ರಸಾಯನದ ಮೇಲೆ ನಿಂತಿದೆ. ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಬ್ಯಾಟರಿಯಾದರೆ ಶೇ 80. ಕಬ್ಬಿಣದ ಫಾಸ್ಫೇಟಿನ ಎಲ್‌ಎಫ್‌ಪಿಯಾದರೆ ವಾರಕ್ಕೊಮ್ಮೆಯಾದರೂ ಪೂರ್ತಿ ತುಂಬಿಸಿ ಎಂದು ತಯಾರಕರೇ ಹೇಳುವುದುಂಟು. ಅದರ ವೋಲ್ಟೇಜ್ ನಡುವಿನಲ್ಲಿ ಬಹುತೇಕ ಏರಿಳಿತವಿಲ್ಲದೆ ಇರುವುದರಿಂದ, ತುದಿ ಮುಟ್ಟದೆ ಎಷ್ಟು ಉಳಿದಿದೆಯೆಂದು ಕಾರಿಗೆ ಸರಿಯಾಗಿ ತಿಳಿಯುವುದಿಲ್ಲ. ಯಾವ ಬ್ಯಾಟರಿಯೇ ಆಗಲಿ, ಪೂರ್ತಿ ತುಂಬಿಸಿ ಸುಡುಬಿಸಿಲಲ್ಲಿ ವಾರಗಟ್ಟಲೆ ನಿಲ್ಲಿಸುವುದು ಒಳ್ಳೆಯದಲ್ಲ. 2010ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದ ನಿಸಾನ್ ಲೀಫ್ ಕಾರಿನ 24 ಯೂನಿಟ್ ಬ್ಯಾಟರಿಗೆ ದ್ರವದ ತಂಪು ವ್ಯವಸ್ಥೆ ಇರಲಿಲ್ಲ; ಬಿಸಿ ಪ್ರದೇಶಗಳಲ್ಲಿ ಆ ಮೊದಲ ಕಾರುಗಳು ಬೇಗ ಸೊರಗಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನಾನು ಕಾರು ಆರಿಸುವಾಗ ಪರದೆಯ ಗಾತ್ರ ಕೇಳಲಿಲ್ಲ, ಬ್ಯಾಟರಿಗೆ ದ್ರವದ ತಂಪು ಇದೆಯೇ ಎಂದು ಕೇಳಿದೆ.

ಬ್ಯಾಟರಿಯಿಂದ ಸಾಲಕ್ಕೆ ಬರುವ ದಾರಿ ವಾರಂಟಿಯ ಮೂಲಕ. ಹೆಚ್ಚಿನ ತಯಾರಕರು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತಾರೆ, ಸಾಮರ್ಥ್ಯ ಶೇ 70ಕ್ಕಿಂತ ಕೆಳಗಿಳಿದರೆ ಎಂಬ ಷರತ್ತಿನೊಂದಿಗೆ. ಈ ಷರತ್ತನ್ನು ನಿಧಾನವಾಗಿ ಓದಬೇಕು. ಶೇ 72ಕ್ಕೆ ಇಳಿದರೆ ಯಾರೂ ಏನೂ ಕೊಡುವುದಿಲ್ಲ. ನಮ್ಮ 50 ಯೂನಿಟ್ ಆಗ 36 ಆಗಿರುತ್ತದೆ. ಹೆದ್ದಾರಿಯ 180 ಕಿ.ಮೀ. 130ಕ್ಕೆ ಇಳಿದಿರುತ್ತದೆ. ಆಗಲೂ ಈ ಕಾರು ನನ್ನ ಕೆಲಸಕ್ಕೆ ಬರುತ್ತದೆಯೇ? ದಿನದ ಓಡಾಟಕ್ಕೆ ಬರುತ್ತದೆ ಎಂದು ಖಾತ್ರಿಯಾದ ಮೇಲೆ ಸಾಲದ ಅರ್ಜಿ ತರಿಸಿದೆ. ವಾರಂಟಿ ಮುಗಿದ ಮೇಲೂ ಕಂತು ಉಳಿಯಬಾರದು ಎಂಬುದು ಆಗಲೇ ತೀರ್ಮಾನವಾಗಿತ್ತು.

ಷೋರೂಮಿನ ಮೇಜಿನ ಮೇಲೆ ಎರಡು ಹಾಳೆ ಬಂದವು. ಒಂದರಲ್ಲಿ ಬಡ್ಡಿ ಶೇ 7, ಇನ್ನೊಂದರಲ್ಲಿ ಶೇ 9. ಕಡಿಮೆ ಕಂಡದ್ದು ಫ್ಲಾಟ್ ದರ. ಅಸಲು ತೀರುತ್ತಾ ಹೋದರೂ ಪೂರ್ತಿ ಅಸಲಿನ ಮೇಲೆಯೇ ಕೊನೆಯವರೆಗೆ ಬಡ್ಡಿ ಹಾಕುವ ಪದ್ಧತಿ ಅದು. ಐದು ವರ್ಷದ ಸಾಲಕ್ಕೆ ಶೇ 7ರ ಫ್ಲಾಟ್ ದರವೆಂದರೆ, ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಪದ್ಧತಿಯಲ್ಲಿ ಶೇ 12.5ರ ಹತ್ತಿರಕ್ಕೆ ಬರುತ್ತದೆ. ಶೇ 9 ಎಂದು ಬರೆದಿದ್ದ ಹಾಳೆಯೇ ಅಗ್ಗದ್ದಾಗಿತ್ತು. ದರವನ್ನು ಹೋಲಿಸುವ ಗೋಜಿಗೆ ಹೋಗಬೇಡಿ. ತಿಂಗಳ ಕಂತನ್ನು ತಿಂಗಳುಗಳ ಸಂಖ್ಯೆಯಿಂದ ಗುಣಿಸಿ, ಅದಕ್ಕೆ ಸಂಸ್ಕರಣಾ ಶುಲ್ಕವನ್ನೂ (ಪ್ರೊಸೆಸಿಂಗ್ ಫೀ) ಕಡ್ಡಾಯವಾಗಿ ತಲೆಗೆ ಕಟ್ಟುವ ವಿಮೆಯನ್ನೂ ಕೂಡಿಸಿ, ಒಟ್ಟು ಮೊತ್ತವನ್ನು ಹೋಲಿಸಿ. ಬಡ್ಡಿಯೇ ಇಲ್ಲದ ಸಾಲ ಎಂದಾಗ ನಗದು ಕೊಟ್ಟರೆ ಬೆಲೆ ಎಷ್ಟು ಎಂದು ಕೇಳಿ. ಎರಡು ಬೆಲೆಯ ನಡುವಿನ ಅಂತರದಲ್ಲಿ ಬಡ್ಡಿ ಅಡಗಿ ಕೂತಿರುತ್ತದೆ.

ಅವಧಿ ಐದು ವರ್ಷವೋ ಏಳು ವರ್ಷವೋ? ಏಳರ ಕಂತು ಹಗುರ, ಅದರಲ್ಲಿ ಅನುಮಾನವಿಲ್ಲ. ಆದರೆ ಶೇ 9ರಲ್ಲಿ ಐದು ವರ್ಷಕ್ಕೆ ಒಟ್ಟು ಬಡ್ಡಿ ಅಸಲಿನ ಶೇ 25ರಷ್ಟಾದರೆ ಏಳು ವರ್ಷಕ್ಕೆ ಶೇ 35. ನನ್ನನ್ನು ತಡೆದದ್ದು ಇದಕ್ಕಿಂತ ಬೇರೆಯ ಸಂಖ್ಯೆ. ಮೂರು ವರ್ಷ ಕಳೆದಾಗ ಐದರ ಸಾಲದಲ್ಲಿ ಅಸಲಿನ ಶೇ 45 ಬಾಕಿ ಇರುತ್ತದೆ. ಏಳರ ಸಾಲದಲ್ಲಿ ಶೇ 65. ಅಷ್ಟರಲ್ಲಿ ಕಾರಿನ ಬೆಲೆ ಅರ್ಧಕ್ಕೆ ಇಳಿದಿದ್ದರೆ, ಪೂರ್ತಿ ಬೆಲೆಗೆ ಏಳು ವರ್ಷದ ಸಾಲ ಮಾಡಿದವರು ಕಾರು ಮಾರಿ ಮೇಲೆ ಕೈಯಿಂದಲೂ ಹಣ ಹಾಕಿ ಸಾಲ ತೀರಿಸಬೇಕು. ಎಲೆಕ್ಟ್ರಿಕ್ ಕಾರುಗಳಲ್ಲಿ ಇದು ಬರೀ ಹೆದರಿಕೆಯಲ್ಲ. 2010ರಿಂದ ಈಚೆಗೆ ಜಗತ್ತಿನಲ್ಲಿ ಬ್ಯಾಟರಿ ಪ್ಯಾಕುಗಳ ಬೆಲೆ ಶೇ 90ರಷ್ಟು ಇಳಿದಿದೆ. ಹೊಸದು ಅಗ್ಗವಾದಂತೆಲ್ಲ ನನ್ನ ಹಳೆಯದರ ಬೆಲೆಯನ್ನೂ ತನ್ನ ಜೊತೆ ಕೆಳಗೆಳೆಯುತ್ತದೆ. ಕೊಳ್ಳುವವರಿಗೆ ಸಿಹಿ ಸುದ್ದಿ, ಕೊಂಡವರಿಗೆ ಅಲ್ಲ. ಹಾಗಾಗಿ ಮುಂಗಡ ಹೆಚ್ಚು ಕಟ್ಟಿ ಐದು ವರ್ಷಕ್ಕೇ ಸಾಲ ಮಾಡಿದೆ.

ಬ್ಯಾಟರಿಯನ್ನು ಬಾಡಿಗೆಗೆ ಪಡೆಯುವ ಏರ್ಪಾಡನ್ನೂ ನೋಡಿದ್ದೆ. ಹಿಂದೆ ಯುರೋಪಿನಲ್ಲಿ ರೆನೋ ಕಂಪನಿಯ ಜೋಯಿ ಕಾರನ್ನು ಹೀಗೆ ಮಾರಿದ್ದರು. ಆರಂಭದ ಬೆಲೆ ಇಳಿಯುತ್ತದೆ ನಿಜ, ಆದರೆ ಹಳೆಯ ಕಾರನ್ನು ಕೊಳ್ಳುವವರು ಬಾಡಿಗೆಯ ಕರಾರನ್ನೂ ಹೊತ್ತುಕೊಳ್ಳಬೇಕೆಂದರೆ ಹಿಂದೆ ಸರಿಯುತ್ತಾರೆ. ಕಡಿಮೆ ಓಡಿಸುವವರಿಗಂತೂ ತಿಂಗಳ ಬಾಡಿಗೆ ಭಾರವೇ. ನನಗೆ ಹಿಡಿಸಲಿಲ್ಲ.

ವಿಮೆಯ ಕಾಗದದಲ್ಲಿ ನೋಡಿದ್ದು ಬ್ಯಾಟರಿ, ಚಾರ್ಜಿಂಗ್ ಕೇಬಲ್, ಗೋಡೆಯ ಪೆಟ್ಟಿಗೆ ಮೂರೂ ಸೇರಿವೆಯೇ ಎಂದು. ಕೇಬಲ್ ಕಳವಾಗುವ ವಸ್ತು. ನಿರ್ವಹಣೆಯ ಬಗ್ಗೆ ಹೇಳಲು ಹೆಚ್ಚೇನಿಲ್ಲ; ಆಯಿಲ್ ಬದಲಾವಣೆ ಇಲ್ಲ, ಬ್ರೇಕ್ ಪ್ಯಾಡುಗಳು ಸವೆಯುವುದೇ ಕಡಿಮೆ. ಟೈರುಗಳು ಮಾತ್ರ ಕಾರಿನ ತೂಕಕ್ಕೂ ಮೋಟಾರಿನ ಎಳೆತಕ್ಕೂ ಬೇಗ ಸವೆಯುತ್ತವೆ. ಮತ್ತೊಂದು ವಿಚಿತ್ರವೆಂದರೆ, ದೊಡ್ಡ ಬ್ಯಾಟರಿ ತುಂಬಿದ್ದರೂ ಮೂಲೆಯಲ್ಲಿರುವ 12 ವೋಲ್ಟಿನ ಚಿಕ್ಕ ಬ್ಯಾಟರಿ ಸತ್ತರೆ ಕಾರು ಬಾಗಿಲೂ ತೆರೆಯದೆ ನಿಲ್ಲಬಹುದು. ಅದಕ್ಕೆ ವಯಸ್ಸಾಗುತ್ತಿದ್ದಂತೆ ಬದಲಿಸಿಬಿಡುವುದು ಮೇಲು.

ಇಂಧನದಲ್ಲಿ ಉಳಿದ ಹಣವನ್ನು ನಾನು ಬೇರೆ ಖಾತೆಗೆ ಹಾಕಿಡುತ್ತೇನೆ. ಅದು ಸಾಲ ಕೊಟ್ಟವರು ನಿಗದಿ ಮಾಡಿದ ಕನಿಷ್ಠ ಮೊತ್ತಕ್ಕೆ ಬಂದಾಗಲೆಲ್ಲ ಅಸಲಿಗೆ ಕಟ್ಟುತ್ತೇನೆ. ಹೀಗೆ ಭಾಗಶಃ ಕಟ್ಟಲು ದಂಡ ಇಲ್ಲವೆಂದು ಕರಾರಿಗೆ ಸಹಿ ಹಾಕುವ ಮೊದಲೇ ಬರೆಸಿಕೊಂಡಿದ್ದೆ. ಹಣ ಕಟ್ಟುವ ಅರ್ಜಿಯಲ್ಲಿ ಕಂತು ಕಡಿತ, ಅವಧಿ ಕಡಿತ ಎಂದು ಎರಡು ಚೌಕಗಳಿರುತ್ತವೆ. ಖಾಲಿ ಬಿಟ್ಟರೆ ಕಂತನ್ನಷ್ಟೇ ಇಳಿಸಿ ಅವಧಿಯನ್ನು ಹಾಗೆಯೇ ಉಳಿಸಿಬಿಡಬಹುದು, ಆಗ ಬಡ್ಡಿಯಲ್ಲಿ ಆಗುವ ಉಳಿತಾಯ ಕಡಿಮೆ. ನಾನು ಎರಡನೆಯ ಚೌಕಕ್ಕೆ ಗುರುತು ಹಾಕಿ, ಹೊಸ ಕಂತುಪಟ್ಟಿಯನ್ನು ಅಲ್ಲಿಯೇ ಮುದ್ರಿಸಿ ಕೊಡಿ ಎಂದು ಕೇಳುತ್ತೇನೆ.