ಪರಿಸರ ಸಂಘಕ್ಕೆ ಸರ್ಕಾರದ ಅನುದಾನ ಕೇಳುವುದು ಹೇಗೆ?

ದೇವರಕಾಡು (ದೇವರ ಹೆಸರಲ್ಲಿ ಕಾಪಾಡಿಕೊಂಡು ಬಂದ ಕಾಡು) ಉಳಿಸೋಣ, ತೋಡಿನ (ಹಳ್ಳದ) ದಂಡೆಗೆ ಗಿಡ ನೆಡೋಣ ಎಂದು ಊರಲ್ಲಿ ಹತ್ತು ಜನ ಸೇರುವುದು ದೊಡ್ಡ ವಿಷಯವೇ. ಆದರೆ ಅನುದಾನ ಸಿಗಬೇಕಾದರೆ ಅಷ್ಟು ಸಾಲದು. ಕೊಡಗಿನ ನಾಪೋಕ್ಲು ಕಡೆಯ ಸಣ್ಣ ಸಂಘವೊಂದರ ಖಜಾಂಚಿ ನಾನು. ಬೇರೆ ಊರಿನವರು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಂದಣಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ 7 ಸದಸ್ಯರು ಬೇಕು. ಬೈಲಾದಲ್ಲಿ (ಸಂಘದ ನಿಯಮಾವಳಿಯಲ್ಲಿ) ‘ಪರಿಸರ ರಕ್ಷಣೆ’ ಎಂದಷ್ಟೇ ಬರೆದು ಬಿಡಬೇಡಿ. ಕಾಡು, ನೀರು, ಜೀವವೈವಿಧ್ಯ, ಮಕ್ಕಳಿಗೆ ಪರಿಸರ ಪಾಠ ಎಂದು ಬಿಡಿಸಿ ಬರೆಯಿರಿ. ನಾಳೆ ಹಾಕುವ ಅರ್ಜಿಗೂ ಬೈಲಾಕ್ಕೂ ತಾಳೆಯಾಗಬೇಕು ಅಲ್ವಾ? ಸಂಘದ ಹೆಸರಲ್ಲೇ ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇರಲಿ, ಪ್ರತಿ ವರ್ಷ ಆಡಿಟ್ ಆಗಲಿ. ಕೇಂದ್ರದ ಹಣಕ್ಕೆ ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲೂ ನೋಂದಾಯಿಸಬೇಕು. ಅದಕ್ಕೆ ಶುಲ್ಕ ಇಲ್ಲ. ಮಾಡಿಸಿಕೊಡುತ್ತೇವೆ ಎಂದು ದುಡ್ಡು ಕೇಳುವವರನ್ನು ದೂರ ಇಡಿ.

ಆಮೇಲೆ ಜಾಗ. ನಮ್ಮಲ್ಲಿ ಇದು ಸುಲಭವಲ್ಲ. ಪೈಸಾರಿಯೋ (ಸರ್ಕಾರಿ ಜಾಗ), ಬಾಣೆಯೋ (ಗದ್ದೆಗೆ ಸೇರಿಸಿ ಕೊಟ್ಟ ಮರಗಾಡು ಜಾಗ), ದೇವರಕಾಡೋ ಎಂದು ಆರ್‌ಟಿಸಿ (ಪಹಣಿ) ನೋಡಿ, ಸರ್ವೆ ನಂಬರ್ ಹಾಕಿ. ಜಿಲ್ಲೆಯಲ್ಲಿ 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ. ಅಲ್ಲಿ ಕೆಲಸವಿದ್ದರೆ ಅರಣ್ಯ ಇಲಾಖೆಯ ಅನುಮತಿ ಬರಹದಲ್ಲೇ ಇರಲಿ. ದೇವಸ್ಥಾನ ಸಮಿತಿ, ಊರಿನ ತಕ್ಕರನ್ನು (ಊರಿನ ಮುಖ್ಯಸ್ಥರನ್ನು) ಕೇಳದೆ ಒಂದು ಗುಂಡಿಯನ್ನೂ ತೆಗೆಯಬೇಡಿ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡಮರ, ಪ್ರಾಣಿಪಕ್ಷಿಗಳನ್ನು ಬರೆದಿಡುವುದು ಅದರ ಕೆಲಸ. ಪಿಡಿಒ ಹತ್ತಿರ ಆ ದಾಖಲೆ ಕೇಳಿ ನೋಡಿ, ಅರ್ಜಿಗೆ ಒಳ್ಳೆಯ ಆಧಾರ.

ಖರ್ಚಿನ ಪಟ್ಟಿಗೆ ಮಾತ್ರ ಸಮಯ ಕೊಡಿ. ಜಾಸ್ತಿ ಸಂಘಗಳು ಗಿಡ, ಗುಂಡಿ, ಸಾಗಾಟ ಬರೆದು ನಿಲ್ಲಿಸುತ್ತವೆ. ಆದರೆ ಗಿಡ ಸಾಯುವುದು ನೆಟ್ಟ ಮೇಲೆ. ಜೂನ್‌ನಲ್ಲಿ ನೆಟ್ಟದ್ದನ್ನು ಕಕ್ಕಡದ (ಜುಲೈ–ಆಗಸ್ಟ್) ಮಳೆ ಕಳೆಯುವ ಹೊತ್ತಿಗೆ ಕಳೆ ಮುಚ್ಚಿರುತ್ತದೆ. ಮಾಗಿ ಮುಗಿದರೆ ನೀರಿಲ್ಲ, ಬೆಂಕಿಯ ಭಯ ಬೇರೆ. ಲಾಂಟಾನ ಎಂಬ ಕಳೆಗಿಡ ಕಡಿದ ಜಾಗದಲ್ಲೇ ಮತ್ತೆ ಚಿಗುರುತ್ತದೆ. ಅದಕ್ಕೇ ಕಳೆ ಕೂಲಿ, ಬೇಲಿ, ಬೇಸಿಗೆಯ ನೀರು, ಸತ್ತ ಗಿಡಕ್ಕೆ ಬದಲಿ ಗಿಡ ಎಲ್ಲವನ್ನೂ ಬೇರೆ ಬೇರೆ ಸಾಲಲ್ಲಿ ಬರೆಯಿರಿ. ನನ್ನನ್ನು ಕೇಳಿದರೆ, ಸುಮ್ನೆ 1,000 ಗಿಡ ಎನ್ನುವುದಕ್ಕಿಂತ 200 ಗಿಡ, ಮೂರು ವರ್ಷದ ಆರೈಕೆ ಎನ್ನುವುದು ಮೇಲು. ಗಿಡಗಳ ಹೆಸರನ್ನೂ ಹಾಕಿ: ನೇರಳೆ, ಹಲಸು, ಹೊನ್ನೆ, ಅತ್ತಿ. ಸಿಲ್ವರ್ ಓಕ್ ಬೇಡ, ಅದು ಆಸ್ಟ್ರೇಲಿಯಾದ ಮರ. ತೋಟದಲ್ಲಿ ಇದ್ದರೆ ಸಾಕು.

ತಿಂಗಳುಗಳನ್ನೂ ಸ್ಪಷ್ಟವಾಗಿ ಬರೆಯಿರಿ. ಏಪ್ರಿಲ್–ಮೇಯಲ್ಲಿ ಗುಂಡಿ, ಜೂನ್‌ನಲ್ಲಿ ನಾಟಿ, ಅಕ್ಟೋಬರ್‌ನಲ್ಲಿ ಕಳೆ. ಸರ್ಕಾರದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ನಮ್ಮ ಗಿಡದ ವರ್ಷ ಜೂನ್‌ಗೆ ಶುರುವಾಗುತ್ತದೆ. ಇದನ್ನು ಅಧಿಕಾರಿಗಳಿಗೆ ಮೊದಲೇ ಕೂತು ವಿವರಿಸಿ, ಹೆಚ್ಚಿನವರಿಗೆ ಅರ್ಥವಾಗುತ್ತದೆ.

ಹಣ ಬಂದ ದಿನದಿಂದಲೇ ಅದಕ್ಕೆ ಬೇರೆ ಲೆಕ್ಕದ ಪುಸ್ತಕ ಇಡಿ. ಕೂಲಿ ಕೊಟ್ಟಾಗ ವೋಚರ್‌ನಲ್ಲಿ ಹೆಸರು, ತಾರೀಕು, ಮಾಡಿದ ಕೆಲಸ, ಸಹಿ ಎಲ್ಲ ಇರಲಿ. ಫೋಟೋವನ್ನು ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ತೆಗೆಯಿರಿ. ಕೇಂದ್ರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ 12-ಎ ನಮೂನೆಯಲ್ಲಿ ಹಣಬಳಕೆ ಪ್ರಮಾಣಪತ್ರ ಕೊಡಬೇಕು. ಆ ಹಣಕ್ಕೆ ಬಂದ ಬ್ಯಾಂಕ್ ಬಡ್ಡಿ ಸಂಘದ್ದಲ್ಲ, ಅದನ್ನೂ ಲೆಕ್ಕಕ್ಕೆ ತೋರಿಸಬೇಕು. ಅನುದಾನದಲ್ಲಿ ಕೊಂಡ ಕಳೆ ಕೊಚ್ಚುವ ಯಂತ್ರವನ್ನು ಅನುಮತಿ ಇಲ್ಲದೆ ಮಾರುವಂತಿಲ್ಲ. ಅದರ ಬಿಲ್ಲಿನ ಒಂದು ಪ್ರತಿಯನ್ನು ಆಸ್ತಿ ಪುಸ್ತಕಕ್ಕೆ ಅಂಟಿಸಿಡಿ.