ಬಡಕಲು ನಾಯಿ ಮೈ ತುಂಬಿಕೊಳ್ಳಲು ಎಂಥ ಆಹಾರ ಕೊಡಬೇಕು?

ಉದ್ದ ಕೂದಲಿನ ನಾಯಿಯೊಂದು ನಮ್ಮ ಮನೆಗೆ ಬಂದಾಗ ನೋಡಿದವರೆಲ್ಲ ಚೆನ್ನಾಗಿ ಬೆಳೆದಿದೆ ಎಂದೇ ಅಂದುಕೊಂಡಿದ್ದೆವು. ಮೊದಲ ಸಲ ಸ್ನಾನ ಮಾಡಿಸಿದ ದಿನ ನಿಜ ಗೊತ್ತಾಯಿತು. ಒದ್ದೆ ಕೂದಲು ಮೈಗಂಟಿದಾಗ ಪಕ್ಕೆಲುಬುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು, ಸೊಂಟದ ಮೂಳೆ ಎದ್ದು ಕಾಣುತ್ತಿತ್ತು. ಅಂದು ಸಂಜೆಯೇ ತಟ್ಟೆಗೆ ಎರಡರಷ್ಟು ಸುರಿದೆ. ಮರುದಿನ ಅದಕ್ಕೆ ಭೇದಿ. ಎರಡು ದಿನ ಅದು ಮೂಲೆ ಬಿಟ್ಟು ಏಳಲಿಲ್ಲ, ಅದನ್ನು ನೋಡಿ ನನ್ನ ಕರುಳು ಕಿತ್ತು ಬಂತು. ಬಡಕಲು ನಾಯಿಗೆ ತಟ್ಟೆ ತುಂಬಿಸಿದರೆ ಸಾಲದು, ತಿಂದ ಪ್ರತಿ ತುತ್ತಿನಲ್ಲೂ ಕಸುವಿರಬೇಕು ಎಂದು ನಾನು ಕಲಿತದ್ದು ಹಾಗೆ. ಆ ಕಸುವು ಎಷ್ಟಿದೆ ಎಂದು ಹೇಳುವುದು ಆಹಾರದ ಚೀಲದ ಹಿಂಬದಿ.

ಮೊದಲು ಕೈಯಿಂದ ಮುಟ್ಟಿ ನೋಡಿ

ನಿಮ್ಮ ಮುಷ್ಟಿ ಬಿಗಿಹಿಡಿದು ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ. ನಾಯಿಯ ಪಕ್ಕೆ ಹಾಗೆ ಏರಿಳಿತವಾಗಿ ತಗುಲಿದರೆ ಅದು ಸೊರಗಿದೆ. ಕೈ ಚಾಚಿ ಹಿಂಗೈ ಸವರಿದಂತೆ, ಮೂಳೆ ಸಿಕ್ಕರೂ ಮೇಲೊಂದು ತೆಳು ಪದರ ಇದ್ದರೆ ಸರಿಯಾಗಿದೆ. ಪಶುವೈದ್ಯರು ಇದನ್ನೇ 1ರಿಂದ 9ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. 4 ಮತ್ತು 5 ಆರೋಗ್ಯದ ಅಂಕ. ಅದಕ್ಕಿಂತ ಒಂದು ಅಂಕ ಇಳಿದರೆ ತೂಕ ಸುಮಾರು ಶೇ 10ರಷ್ಟು ಕಡಿಮೆ ಇದೆ ಎಂದು ಲೆಕ್ಕ. ಗ್ರೇಹೌಂಡ್, ಸಲೂಕಿಯಂಥ ಓಟದ ತಳಿಗಳ ಪಕ್ಕೆಲುಬು ಒಂದೆರಡು ಕಾಣುವುದು ಸಹಜ. ಅವುಗಳನ್ನು ದಪ್ಪ ಮಾಡಲು ಹೊರಡಬೇಡಿ.

ಯಾಕೆ ಸೊರಗಿದೆ ಎಂಬುದು ಗೊತ್ತಾಗದೆ ಆಹಾರ ಬದಲಿಸಬೇಡಿ. ಜಂತುಹುಳುವಿದ್ದರೆ ಎಷ್ಟು ಒಳ್ಳೆಯ ಆಹಾರ ಕೊಟ್ಟರೂ ಫಲವಿಲ್ಲ. ಹಲ್ಲು ನೋಯುತ್ತಿದ್ದರೆ ಗಟ್ಟಿ ಕಾಳು ಬಾಯಿಗಿಟ್ಟು ಉಗುಳುತ್ತದೆ, ನಾವು ಹಸಿವಿಲ್ಲ ಅಂದುಕೊಳ್ಳುತ್ತೇವೆ. ಹಸಿದು ಹಸಿದು ತಿಂದರೂ ಇಳಿಯುತ್ತಲೇ ಹೋಗುವ ನಾಯಿಗೆ ಮಧುಮೇಹ ಇರಬಹುದು, ಇಲ್ಲವೇ ಮೇದೋಜೀರಕ ಗ್ರಂಥಿ ಜೀರ್ಣರಸವನ್ನೇ ಸುರಿಸದಿರಬಹುದು. ಈ ಎರಡನೆಯ ತೊಂದರೆ ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು. ಮಲ ರಾಶಿ ರಾಶಿಯಾಗಿ, ಜಿಡ್ಡುಜಿಡ್ಡಾಗಿ, ತಿಳಿ ಬಣ್ಣದಲ್ಲಿ ಹೋಗುತ್ತದೆ. ಮಲದ ಮಾದರಿಯನ್ನು ಜೊತೆಗೇ ಒಯ್ದರೆ ವೈದ್ಯರ ಅರ್ಧ ಕೆಲಸ ಸುಲಭ.

ದಿನಗಟ್ಟಲೆ ಉಪವಾಸ ಬಿದ್ದು ಎಲುಬಿನ ಹಂದರವಾದ ನಾಯಿ ಸಿಕ್ಕರೆ ಮನೆಯಲ್ಲಿ ಪ್ರಯೋಗ ಬೇಡ. ಬರಿದಾದ ದೇಹಕ್ಕೆ ಒಮ್ಮೆಲೇ ಹೊಟ್ಟೆ ತುಂಬ ಊಟ ಬಿದ್ದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ದಿಢೀರನೆ ಕುಸಿದು ಜೀವಕ್ಕೇ ಅಪಾಯ. ಅಂಥ ನಾಯಿಗೆ ಎಷ್ಟೆಷ್ಟು ಕೊಡಬೇಕೆಂದು ವೈದ್ಯರೇ ಹೇಳಬೇಕು.

ದಿನಕ್ಕೆ ಎಷ್ಟು ಕ್ಯಾಲೊರಿ?

ಈಗಿನ ತೂಕ ಬಿಡಿ, ಇರಬೇಕಾದ ತೂಕ ಹಿಡಿಯಿರಿ. ಅದನ್ನು 30ರಿಂದ ಗುಣಿಸಿ 70 ಕೂಡಿಸಿ. ನಾಯಿ ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾಗುವ ಕಿಲೊಕ್ಯಾಲೊರಿ ಅದು. ಓಡಾಡಿಕೊಂಡಿರುವ ವಯಸ್ಕ ನಾಯಿಗೆ ಅದನ್ನು 1.6ರಿಂದ ಗುಣಿಸಬೇಕು. 12 ಕಿಲೊ ಇರುವ ನಾಯಿ 15 ಕಿಲೊ ಆಗಬೇಕು ಅನ್ನೋಣ. 15ಕ್ಕೆ ಲೆಕ್ಕ ಹಾಕಿದರೆ 520, ಅದರ 1.6 ಪಟ್ಟು ಸುಮಾರು 830. ಇದು ಶುರು ಮಾಡಲು ಒಂದು ಅಂದಾಜು ಮಾತ್ರ, ಒಂದೇ ತೂಕದ ಎರಡು ನಾಯಿಗಳ ಅಗತ್ಯ ಒಂದೇ ಆಗಿರುವುದಿಲ್ಲ. ಈಗಾಗಲೇ ಅಷ್ಟು ತಿನ್ನುತ್ತಿದ್ದೂ ಮೈ ಹಿಡಿಯದಿದ್ದರೆ ಶೇ 10ರಷ್ಟು ಏರಿಸಿ ನೋಡಿ. ಮರಿಗಳಿಗೆ, ಬಸುರಿ ಮತ್ತು ಬಾಣಂತಿ ನಾಯಿಗಳಿಗೆ ಈ ಲೆಕ್ಕ ಹೊಂದುವುದಿಲ್ಲ.

ಚೀಲವನ್ನು ತಿರುಗಿಸಿ

ಮುಂಬದಿಯಲ್ಲಿ ಹೊಳೆಯುವ ಕೂದಲಿನ ನಾಯಿಯ ಚಿತ್ರ, ದೊಡ್ಡ ಅಕ್ಷರದ ಭರವಸೆಗಳು. ನಿಮಗೆ ಬೇಕಾದ ವಿವರವೆಲ್ಲ ಹಿಂದೆ ಸಣ್ಣ ಅಕ್ಷರದಲ್ಲಿದೆ. ಎಲ್ಲಕ್ಕಿಂತ ಮೊದಲು ಕ್ಯಾಲೊರಿ ಹುಡುಕಿ. ಒಣ ಆಹಾರದಲ್ಲಿ 100 ಗ್ರಾಂಗೆ ಸಾಮಾನ್ಯವಾಗಿ 330ರಿಂದ 450 ಕಿಲೊಕ್ಯಾಲೊರಿ ಇರುತ್ತದೆ. ಅಂತರ ಸಣ್ಣದೆನಿಸಬಹುದು. ಆದರೆ ನಮ್ಮ 15 ಕಿಲೊ ಲೆಕ್ಕದ ನಾಯಿ 340ರ ಆಹಾರವಾದರೆ ದಿನಕ್ಕೆ 245 ಗ್ರಾಂ ತಿನ್ನಬೇಕು, 420ರದ್ದಾದರೆ 200 ಗ್ರಾಂ ಸಾಕು. ಅರ್ಧ ತಿಂದು ಮುಖ ತಿರುಗಿಸುವ ನಾಯಿಯ ಪಾಲಿಗೆ ಆ 45 ಗ್ರಾಂ ದೊಡ್ಡ ಭಾರ.

ಕ್ಯಾಲೊರಿ ಏರುವುದು ಮುಖ್ಯವಾಗಿ ಕೊಬ್ಬಿನಿಂದ. ಪ್ರೋಟೀನ್, ಪಿಷ್ಟ ಕೊಡುವುದಕ್ಕಿಂತ ಕೊಬ್ಬು ಗ್ರಾಂಗೆ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಆದರೆ ಬರೀ ಕೊಬ್ಬು ನೋಡಿ ಆರಿಸಬೇಡಿ. ಸೊರಗಿದ ನಾಯಿ ಸ್ನಾಯುಗಳನ್ನೂ ಕಳೆದುಕೊಂಡಿರುತ್ತದೆ, ಅದನ್ನು ಮರಳಿ ಕಟ್ಟಲು ಪ್ರೋಟೀನ್ ಬೇಕು. ಒಣ ಆಹಾರದಲ್ಲಿ ಪ್ರೋಟೀನ್ ಶೇ 26–30, ಕೊಬ್ಬು ಶೇ 15–20 ಇದ್ದರೆ ಹೆಚ್ಚಿನ ನಾಯಿಗಳಿಗೆ ನಾನು ಒಪ್ಪುತ್ತೇನೆ. ನಾರು ಜಾಸ್ತಿ ಇರುವುದನ್ನು, ‘ಲೈಟ್’ ಎಂದೋ ‘ತೂಕ ನಿಯಂತ್ರಣಕ್ಕೆ’ ಎಂದೋ ಬರೆದಿರುವುದನ್ನು ಅಲ್ಲೇ ಬಿಟ್ಟುಬಿಡಿ. ‘ಸಂಪೂರ್ಣ ಮತ್ತು ಸಮತೋಲಿತ’ ಎಂಬ ಮಾತು ಇದೆಯೇ ಎಂದೂ ನೋಡಿ. ಅದಿಲ್ಲದ್ದು ಬಾಯಿರುಚಿಯ ತಿನಿಸು, ಊಟವಾಗುವುದಿಲ್ಲ.

ಪದಾರ್ಥಗಳ ಪಟ್ಟಿಯಲ್ಲಿ ಒಂದು ಸೂಕ್ಷ್ಮವಿದೆ. ಬೇಯಿಸುವ ಮೊದಲಿನ ತೂಕದ ಪ್ರಕಾರ ಹೆಸರುಗಳು ಸಾಲಾಗಿ ಬರುತ್ತವೆ. ತಾಜಾ ಕೋಳಿಮಾಂಸದಲ್ಲಿ ಮೂರರಲ್ಲಿ ಎರಡು ಪಾಲು ನೀರೇ ಇರುವುದರಿಂದ ಅದು ಸುಲಭವಾಗಿ ಮೊದಲ ಸ್ಥಾನಕ್ಕೆ ಬಂದುಬಿಡುತ್ತದೆ. ಎರಡನೆಯದಾಗಿಯೋ ಮೂರನೆಯದಾಗಿಯೋ ‘ಚಿಕನ್ ಮೀಲ್’, ಅಂದರೆ ಕೋಳಿಯನ್ನು ಬೇಯಿಸಿ ಒಣಗಿಸಿದ ಪುಡಿ, ಇದ್ದರೆ ಕೀಳೆಂದುಕೊಳ್ಳಬೇಡಿ, ನೀರು ತೆಗೆದ ಅದರಲ್ಲಿ ಪ್ರೋಟೀನ್ ದಟ್ಟವಾಗಿರುತ್ತದೆ.

ಡಬ್ಬಿಯಲ್ಲಿ ಬರುವ ಒದ್ದೆ ಆಹಾರ ನೋಡುವಾಗಲೂ ನೀರಿನ ಲೆಕ್ಕ ಮರೆಯಬಾರದು. ತೇವಾಂಶ ಶೇ 78, ಕೊಬ್ಬು ಶೇ 6 ಎಂದಿದ್ದರೆ, ನೀರು ಬಿಟ್ಟು ಉಳಿದ 22 ಪಾಲಿನಲ್ಲಿ 6, ಅಂದರೆ ಶೇ 27. ಕಾಗದದ ಮೇಲೆ ಒಣ ಆಹಾರಕ್ಕಿಂತ ಭಾರೀ. ಆದರೆ ಹೊಟ್ಟೆ ಆ ನೀರನ್ನೂ ಹೊರಬೇಕಲ್ಲ! 100 ಗ್ರಾಂ ಡಬ್ಬಿ ಆಹಾರದಿಂದ ಸಿಗುವುದು ಸುಮಾರು 100 ಕಿಲೊಕ್ಯಾಲೊರಿ. ಹಾಗಾಗಿ ಒಣ ಆಹಾರವನ್ನೇ ಆಧಾರವಾಗಿಟ್ಟುಕೊಂಡು, ವಾಸನೆಗೆ, ರುಚಿಗೆ ಎರಡು ಚಮಚ ಡಬ್ಬಿ ಆಹಾರ ಕಲಸುವುದು ನನಗೆ ಸರಿ ಕಂಡ ದಾರಿ. ಹಲ್ಲುನೋವಿನ ನಾಯಿಗೆ ಮಾತ್ರ ಮೆತ್ತನೆಯದೇ ಇರಲಿ.

ವಯಸ್ಕ ನಾಯಿಗೆ ಮರಿಗಳ ಆಹಾರ ಕೊಡಬಹುದೇ ಎಂದು ತುಂಬಾ ಜನ ಕೇಳುತ್ತಾರೆ. ಕೊಡಬಹುದು, ಅದರಲ್ಲಿ ಪ್ರೋಟೀನ್, ಕೊಬ್ಬು ಎರಡೂ ಹೆಚ್ಚು. ಮೂತ್ರಪಿಂಡದ ಕಾಯಿಲೆ ಇರುವ, ಮೇದೋಜೀರಕ ಗ್ರಂಥಿ ಹಿಂದೆ ಉರಿಯೂತಕ್ಕೆ ತುತ್ತಾಗಿದ್ದ ನಾಯಿಗಳಿಗೆ ಬೇಡ. ದೊಡ್ಡ ತಳಿಯ ಮರಿ ಸಣಕಲಾಗಿ ಕಂಡರೂ ಬೇಗ ಬೇಗ ತೂಕ ಏರಿಸಲು ಹೋಗಬೇಡಿ, ಬೆಳೆಯುವ ಕೀಲು ಮೂಳೆಗಳು ಆ ವೇಗವನ್ನು ತಡೆಯವು. ಅದಕ್ಕೆ ದೊಡ್ಡ ತಳಿಯ ಮರಿಗಳಿಗೆಂದೇ ಇರುವ ಆಹಾರ ಕೊಡಿ.

ತಟ್ಟೆಗೆ ಬಡಿಸುವಾಗ

ಹೊಸ ಆಹಾರಕ್ಕೆ ಏಳರಿಂದ ಹತ್ತು ದಿನ ಕೊಡಿ. ಮೊದಲು ಕಾಲು ಭಾಗ ಹೊಸದು, ಮೂರು ದಿನ ಬಿಟ್ಟು ಅರ್ಧ, ಆಮೇಲೆ ಮುಕ್ಕಾಲು. ಮಲ ಸಡಿಲವಾದರೆ ಒಂದು ಹಂತ ಹಿಂದಕ್ಕೆ ಬನ್ನಿ. ದಿನದ ಪಾಲನ್ನು ಮೂರು ನಾಲ್ಕು ಸಲಕ್ಕೆ ಹಂಚಿ. ಅಳೆಯುವುದಕ್ಕೆ ಲೋಟ ಬೇಡ, ಅಡುಗೆಮನೆಯ ತಕ್ಕಡಿ ತೆಗೆದುಕೊಳ್ಳಿ. ಒಂದೇ ಲೋಟದಲ್ಲಿ ನಾನು ಹಾಕಿದ್ದಕ್ಕೂ ಮಗಳು ಹಾಕಿದ್ದಕ್ಕೂ 30 ಗ್ರಾಂ ವ್ಯತ್ಯಾಸ ಬಂದಿತ್ತು. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಇದಕ್ಕೆ ಬೇರೆ ಕೋಣೆಯಲ್ಲಿ ಬಡಿಸಿ. ಅಂಜುವ ನಾಯಿ ತನ್ನ ತಟ್ಟೆಯನ್ನು ಬಿಟ್ಟುಕೊಟ್ಟು ದೂರ ನಿಲ್ಲುತ್ತದೆ. ಮೂಸಿ ಹೋಗುವ ನಾಯಿಗೆ ಉಗುರುಬೆಚ್ಚಗಿನ ನೀರು ಚಿಮುಕಿಸಿ ಕೊಟ್ಟರೆ ವಾಸನೆ ಏಳುತ್ತದೆ.

ಬೇಯಿಸಿದ ಮೊಟ್ಟೆ, ಮೂಳೆ ತೆಗೆದು ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿಮಾಂಸ ಸೇರಿಸಬಹುದು. ದಿನದ ಕ್ಯಾಲೊರಿಯಲ್ಲಿ ಇವುಗಳ ಪಾಲು ಹತ್ತರಲ್ಲೊಂದು ಮೀರಬಾರದು, ಮೀರಿದರೆ ಖನಿಜಗಳ ಸಮತೋಲ ತಪ್ಪುತ್ತದೆ. ಎಣ್ಣೆ, ಬೆಣ್ಣೆ ಸುರಿದು ತೂಕ ಏರಿಸುವ ಆಸೆ ಬೇಡ. ಒಂದೇ ಸಲ ಬಿದ್ದ ಜಿಡ್ಡು ಮೇದೋಜೀರಕ ಗ್ರಂಥಿಯನ್ನು ಕೆರಳಿಸಬಹುದು, ಆಗಿನ ವಾಂತಿ, ಹೊಟ್ಟೆನೋವು ತೀವ್ರ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೆಟ್, ಸಕ್ಕರೆಯ ಬದಲು ಕ್ಸೈಲಿಟಾಲ್ ಎಂಬ ಸಿಹಿಕಾರಕ ಹಾಕಿದ ತಿನಿಸು ಯಾವುದೂ ನಾಯಿಯ ಬಾಯಿಗೆ ಬೀಳದಿರಲಿ.

ವಾರಕ್ಕೊಮ್ಮೆ ಒಂದೇ ದಿನ, ಊಟಕ್ಕೆ ಮುಂಚೆ ತೂಕ ನೋಡಿ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರಾಯಿತು. ವಾರಕ್ಕೆ ಶೇ 1ರಿಂದ 2ರಷ್ಟು ಏರಿದರೆ ಹದವಾಗಿದೆ. 12 ಕಿಲೊ ನಾಯಿಗೆ 120ರಿಂದ 240 ಗ್ರಾಂ. ಮೂರು ಕಿಲೊ ಬರಲು ಮೂರರಿಂದ ಆರು ತಿಂಗಳು ಹಿಡಿಯುತ್ತದೆ, ಅವಸರ ಬೇಡ. ಅಳತೆ ತಪ್ಪದೆ ಕೊಟ್ಟೂ ಮೂರು ವಾರ ಮುಳ್ಳು ಅಲುಗದಿದ್ದರೆ, ಬರೆದಿಟ್ಟ ತೂಕದ ಪಟ್ಟಿ ಮತ್ತು ಚೀಲದ ಹಿಂಬದಿಯ ಫೋಟೊ ಹಿಡಿದು ವೈದ್ಯರ ಬಳಿ ಮತ್ತೆ ಹೋಗಿ. ಪಕ್ಕೆ ಸವರಿದಾಗ ಹಿಂಗೈ ಮುಟ್ಟಿದಂತಾದ ದಿನದಿಂದ ಅಳತೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬನ್ನಿ.